ಇನ್ಫಿನಿಟಿವ್ ಕಲಿಸೋಕೆ ನನಗೆ 'ಹಾಗಿದೆ' ಒಂದೇ ಸಾಕು

ಸಂಜೆ ಟ್ಯೂಷನ್‌ಗೆ ಬರುವ ಪಿಯುಸಿ, ಡಿಗ್ರಿ ಮಕ್ಕಳನ್ನು ಇಂಗ್ಲಿಷ್ ಗ್ರಾಮರಿನ ಇನ್ಫಿನಿಟಿವ್ ಅಂದರೆ ಏನು ಅಂತ ಕೇಳಿ, 'ಟು ಪ್ಲಸ್ ವರ್ಬ್ ಸರ್' ಅಂತ ತಟ್ಟನೆ ಹೇಳುತ್ತಾರೆ. ಪರೀಕ್ಷೆಯಲ್ಲಿ ಗುರುತಿಸೋಕೆ ಅಷ್ಟು ಸಾಕು. ಮಾತಾಡೋಕೆ ಸಾಲದು.

ಗೈಡುಗಳಲ್ಲಿ ಸಿಂಪಲ್, ಕಂಟಿನ್ಯುವಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುವಸ್ ಅಂತ ಅದರ ರೂಪಗಳ ಪಟ್ಟಿ ಇರುತ್ತದೆ. ನಾನು ಅದನ್ನು ಬೋರ್ಡ್ ಮೇಲೆ ಬರೆಯುವುದೇ ಇಲ್ಲ. 'ಹೀ ಸೀಮ್ಸ್', ಅಂದರೆ ನಮ್ಮ 'ಹಾಗಿದೆ', ಅಂತ ಬರೆದು, ಪಕ್ಕದ ಮನೆಯವನ ಬಗ್ಗೆ ಊಹೆ ಮಾಡಿ ಅನ್ನುತ್ತೇನೆ. ಆ ಕೆಲಸಕ್ಕೆ ಯಾರನ್ನೂ ಒತ್ತಾಯ ಮಾಡಬೇಕಾಗಿಲ್ಲ, ಅಲ್ವಾ? ತುಂಬಾ ದುಡಿಯುವ ಹಾಗಿದೆ: ಟು ವರ್ಕ್ ಹಾರ್ಡ್. ಈಗ ಮಲಗಿರುವ ಹಾಗಿದೆ: ಟು ಬಿ ಸ್ಲೀಪಿಂಗ್. ಕೆಲಸ ಬಿಟ್ಟ ಹಾಗಿದೆ: ಟು ಹ್ಯಾವ್ ಲೆಫ್ಟ್ ಹಿಸ್ ಜಾಬ್. ಬೆಳಗ್ಗೆಯಿಂದ ಕುಡಿಯುತ್ತಲೇ ಇದ್ದ ಹಾಗಿದೆ: ಟು ಹ್ಯಾವ್ ಬೀನ್ ಡ್ರಿಂಕಿಂಗ್. ಕೊನೆಯದಕ್ಕೆ ನಗು ಗ್ಯಾರಂಟಿ, ಅದಕ್ಕೇ ಮರೆಯುವುದೂ ಇಲ್ಲ.

ಇಲ್ಲಿ ಜಾಸ್ತಿ ಹೊತ್ತು ನಿಲ್ಲುವುದು 'ಟು ಹ್ಯಾವ್' ಹತ್ತಿರ. ಅದನ್ನು ಭೂತಕಾಲ ಅಂತ ಹೇಳಿಕೊಟ್ಟರೆ ಮುಂದೆ ಕಷ್ಟ. ಕಾಲ ತೋರಿಸುವುದು ಮುಖ್ಯ ಕ್ರಿಯಾಪದ, ಅಂದರೆ 'ಸೀಮ್ಸ್' ಅಥವಾ 'ಸೀಮ್ಡ್'. 'ಟು ಹ್ಯಾವ್' ಹೇಳುವುದು ಇನ್ನೊಂದು ಕೆಲಸ ಅದಕ್ಕಿಂತ ಮುಂಚೆಯೇ ನಡೆದಿತ್ತು ಅನ್ನುವುದನ್ನು ಮಾತ್ರ. 'ಸಾರಿ ಟು ಹ್ಯಾವ್ ಕೆಪ್ಟ್ ಯೂ ವೇಟಿಂಗ್' ಅನ್ನುವ ವಾಕ್ಯ ಕೊಟ್ಟರೆ ಬೇಗ ಹಿಡಿಯುತ್ತಾರೆ. ಕಾಯಿಸಿದ್ದು ಆಗಲೇ ಮುಗಿದಿದೆ, ಸಾರಿ ಕೇಳುತ್ತಿರುವುದು ಈಗ.

ಇದಾದ ಮೇಲೆ ಪ್ಯಾಸಿವ್, ಅಂದರೆ ಕರ್ಮಣಿ ಪ್ರಯೋಗ, ಸುಲಭ. ಫಾರ್ಮ್ ನಾವು ತುಂಬುವುದಾದರೆ 'ಟು ಫಿಲ್', ಫಾರ್ಮ್ ಕಡೆಯಿಂದ ಹೇಳಿದರೆ 'ಟು ಬಿ ಫಿಲ್ಡ್', ಆಗಲೇ ತುಂಬಿದ್ದರೆ 'ಟು ಹ್ಯಾವ್ ಬೀನ್ ಫಿಲ್ಡ್'.

ಟು ಇಲ್ಲದ ಇನ್ಫಿನಿಟಿವ್‌ಗೆ ಮಾತ್ರ ಕನ್ನಡ ಅರ್ಧ ದಾರಿ ಜೊತೆಗೆ ಬಂದು ಆಮೇಲೆ ಕೈಕೊಡುತ್ತದೆ. ನಾವು 'ಹೋಗಬಹುದು' ಅಂತ ನೇರವಾಗಿ ಸೇರಿಸುತ್ತೇವೆ, 'ಹೋಗೋಕೆ ಬಹುದು' ಅಂತ ಯಾರೂ ಅನ್ನಲ್ಲ. ಹಾಗೇ 'ಮೇ ಗೋ', 'ಮಸ್ಟ್ ಗೋ', ನಡುವೆ ಟು ಇಲ್ಲ. ಆದರೆ 'ಅವನನ್ನು ಹೋಗೋಕೆ ಬಿಡು' ಅನ್ನುವ ಬಾಯಿಗೆ 'ಲೆಟ್ ಹಿಮ್ ಟು ಗೋ' ಅಂತಲೇ ಬರುತ್ತದೆ. ಅದಕ್ಕೇ ಲೆಟ್, ಮೇಕ್ ಎರಡನ್ನೂ ದಿನಾ ಬಾಯಲ್ಲಿ ಆಡಿಸುತ್ತೇನೆ. ಮೇಕ್‌ನದು ಇನ್ನೊಂದು ಕಿತಾಪತಿ: 'ದೇ ಮೇಡ್ ಮಿ ವೇಟ್' ಸರಿ, ಪ್ಯಾಸಿವ್ ಮಾಡಿದ ತಕ್ಷಣ 'ಐ ವಾಸ್ ಮೇಡ್ ಟು ವೇಟ್', ಕಳೆದುಹೋಗಿದ್ದ ಟು ವಾಪಸ್ ಹಾಜರ್. ಹೆಲ್ಪ್‌ಗೆ ಟು ಹಾಕಿದರೂ ಸರಿ, ಬಿಟ್ಟರೂ ಸರಿ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು 'ಡಿಸೈಡ್' ಆದ ಮೇಲೆ 'ಟು ಗೋ', 'ಎಂಜಾಯ್' ಆದ ಮೇಲೆ 'ಗೋಯಿಂಗ್' ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಯಾವ ಉಪಾಯವೂ ಇಲ್ಲ, ಬಾಯಿಪಾಠವೇ.