ವಕೀಲಿ ಕಲಿಯಬೇಕೆ? ಅರ್ಜಿ ಹಾಕುವ ಜಾಗ ಎರಡು

ರಿಸಲ್ಟ್ ಬಂದ ವಾರ ಉತ್ತರ ಕನ್ನಡ ಜಿಲ್ಲೆಯ ಕುಮಟೆಯಲ್ಲಿರುವ ನಮ್ಮ ವಕೀಲಿ ಆಫೀಸಿಗೆ ಒಬ್ಬರಾದರೂ ಬರುತ್ತಾರೆ. ‘ಎಲ್‌ಎಲ್‌ಬಿ ಮುಗೀತು ಸರ್, ಈಗ ಅರ್ಜಿ ಎಲ್ಲಿ ಹಾಕಬೇಕು?’ ಎಂದು ಕೇಳುತ್ತಾರೆ. ಜಾಗ ಎರಡು. ಒಂದು, ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಇನ್ನೊಂದು, ನಿಮ್ಮ ಊರಿನ ಒಬ್ಬ ಸೀನಿಯರ್ ವಕೀಲರ ಆಫೀಸು. ಅಲ್ಲಿ ಫಾರ್ಮು ಇಲ್ಲ, ಫೀಸೂ ಇಲ್ಲ. ಆದರೆ ಕೋರ್ಟಿನಲ್ಲಿ ನಿಂತು ಮಾತಾಡಲು ಕಲಿಯುವುದು ಅಲ್ಲೇ.

ಇನ್ನೂ ಕಾಲೇಜು ಸೇರದವರಿಗೆ ಎರಡು ಮಾತು. ಪಿಯುಸಿ ಆದ ಮೇಲಾದರೆ 5 ವರ್ಷ, ಡಿಗ್ರಿ ಆದ ಮೇಲಾದರೆ 3 ವರ್ಷ ಓದಬೇಕು. ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟರಿಗೆ ಶೇ 40 ಅಂಕ ಬೇಕು. ಮನೆಯಲ್ಲೇ ಕುಳಿತು ಅಂಚೆ ಮೂಲಕ ಓದಿದ ಕಾನೂನು ಪದವಿ ವಕೀಲಿಗೆ ನಡೆಯುವುದಿಲ್ಲ. ತರಗತಿಗೆ ಹೋಗಲೇಬೇಕು.

ಓದುವಾಗಲೇ ಒಂದು ಕೆಲಸ ಮಾಡಿ. ರಜೆಯಲ್ಲಿ ಕಾರವಾರದ ಜಿಲ್ಲಾ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಘಟ್ಟದ ಮೇಲಿನವರು ಶಿರಸಿ ಕೋರ್ಟಿಗೆ ಹೋಗಬಹುದು. ಮೊಬೈಲ್ ಬಂದ್ ಮಾಡಿಕೊಂಡು ಕುಳಿತರೆ ಯಾರೂ ಎಬ್ಬಿಸುವುದಿಲ್ಲ, ಕೋರ್ಟಿನ ಕಲಾಪ ಎಲ್ಲರಿಗೂ ತೆರೆದದ್ದು. ಸಾಕ್ಷಿಯ ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ನಡೆಯುವ ದಿನ ಸಿಕ್ಕರೆ ಪೂರ್ತಿ ಕೇಳಿ. ಯಾವ ವಕೀಲರು ಮೂರೇ ಪ್ರಶ್ನೆ ಕೇಳಿ ಕೂರುತ್ತಾರೆ ನೋಡಿ. ಅವರ ಹೆಸರು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಸನದು, ಅಂದರೆ ವಕೀಲಿ ಮಾಡಲು ರಾಜ್ಯ ಪರಿಷತ್ತು ಕೊಡುವ ನೋಂದಣಿ ಪತ್ರ. 21 ವರ್ಷ ತುಂಬಿರಬೇಕು, ಕಾನೂನು ಪದವಿ ಇರಬೇಕು. ಸಂಬಳದ ಕೆಲಸದಲ್ಲಿದ್ದರೆ ಅದನ್ನು ಬಿಟ್ಟು ಬರಬೇಕು. ಫೀಸಿನ ಬಗ್ಗೆ ಸರಿಯಾಗಿ ತಿಳಿದಿರಿ. 1961ರ ವಕೀಲರ ಕಾಯ್ದೆಯ 24ನೇ ಕಲಂ ಪ್ರಕಾರ ನೋಂದಣಿ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಹಿಂದೆ ದೇಶದ ಅನೇಕ ಕಡೆ ಸಾವಿರಗಟ್ಟಲೆ ತೆಗೆದುಕೊಳ್ಳುತ್ತಿದ್ದರು. ಕಾಯ್ದೆಯಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇದು ದೊಡ್ಡ ಬಲ.

ಅರ್ಜಿ ತುಂಬುವ ಮೊದಲು ಹೆಸರು ನೋಡಿಕೊಳ್ಳಿ. ನಮ್ಮ ಕಡೆ ಇದೇ ದೊಡ್ಡ ತೊಡಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಹೆಗಡೆ’, ಡಿಗ್ರಿಯಲ್ಲಿ ‘ಹೆಗ್ಡೆ’. ಒಂದರಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ನನ್ನ ಅಂಕಪಟ್ಟಿಯಲ್ಲೂ ಒಂದು ಅಕ್ಷರ ತಪ್ಪಿತ್ತು. ಕಾಲೇಜಿನಲ್ಲಿದ್ದಾಗಲೇ ಸರಿ ಮಾಡಿಸದೆ ಸುಮ್ನೆ ಬಿಟ್ಟೆ. ಜೊತೆಯವರೆಲ್ಲ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುತ್ತಿದ್ದಾಗ ನಾನು ಅಫಿಡವಿಟ್ ಹಿಡಿದು ಓಡಾಡುತ್ತಿದ್ದೆ. ಕೊನೆಯ ವರ್ಷ ಇರುವಾಗಲೇ ಎಲ್ಲ ಅಂಕಪಟ್ಟಿ, ಆಧಾರ್ ಒಟ್ಟಿಗೆ ಹರಡಿಕೊಂಡು ನೋಡಿಬಿಡಿ.

ಸನದಿನ ಜೊತೆಗೆ ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಬರೆಯಬೇಕು. 100 ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಟಿಪ್ಪಣಿ ಇಲ್ಲದ ಕಾಯ್ದೆ ಪುಸ್ತಕ ಒಯ್ಯಲು ಬಿಡುತ್ತಾರೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ (ಐಪಿಸಿ) ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಹಳೆಯ ಪುಸ್ತಕ ಸಾಲ ತಂದು ಓದಬೇಡಿ.

ಖರ್ಚಿನ ಮಾತು. ಜೂನಿಯರ್‌ಗಳಿಗೆ ಹಳ್ಳಿ ಕಡೆ ತಿಂಗಳಿಗೆ 15,000, ಪಟ್ಟಣದಲ್ಲಿ 20,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಕಡ್ಡಾಯ ಅಲ್ಲ. ತಾಲ್ಲೂಕು ಕೋರ್ಟಿನಲ್ಲಿ ಮೊದಲ ವರ್ಷ ಅಷ್ಟು ಸಿಗುತ್ತದೆ ಎಂದುಕೊಂಡು ಬರಬೇಡಿ. ಪರಿಶಿಷ್ಟ ಮತ್ತು ಹಿಂದುಳಿದ ವರ್ಗದ ಹೊಸ ವಕೀಲರಿಗೆ ಸರ್ಕಾರದ ತರಬೇತಿ ಭತ್ಯೆ ಇದೆ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆ ಪೇಪರಿನಲ್ಲಿ ಅರ್ಜಿ ಕರೆಯುತ್ತವೆ. ಜಿಲ್ಲಾ ಕಚೇರಿ ಕಾರವಾರದಲ್ಲೇ ಇದೆ, ಹೋಗಿ ವಿಚಾರಿಸಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಸೀನಿಯರ್. ಇದನ್ನು ಅವಸರದಲ್ಲಿ ಮಾಡಬೇಡಿ. ನಮ್ಮ ಜಿಲ್ಲೆಯ ಕೋರ್ಟುಗಳಲ್ಲಿ ಬರುವುದು ಪಾಲಿನ ದಾವೆ, ತೋಟಕ್ಕೆ ಸೊಪ್ಪು ತರುವ ಬೆಟ್ಟದ ತಕರಾರು, ಭೂಸ್ವಾಧೀನದ ಪರಿಹಾರ, 66ನೇ ಹೆದ್ದಾರಿಯ ಅಪಘಾತದ ಕೇಸು. ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಹಾಗಾಗಿ ಹಳೆಯ ಗೇಣಿ ಕಾಗದಗಳಲ್ಲಿ ಮುಂಬಯಿ ಕಾಯ್ದೆಯ ಹೆಸರು ಸಿಗುತ್ತದೆ. ಇದನ್ನು ಯಾವ ಗೈಡೂ ಕಲಿಸುವುದಿಲ್ಲ. ಪಹಣಿ ಓದಿಸಿ, ದಾವೆ ಬರೆಸಿ, ಕೆಂಪು ಶಾಯಿಯಲ್ಲಿ ತಿದ್ದುವ ಸೀನಿಯರ್ ಸಿಕ್ಕರೆ ಹೆಸರು ದೊಡ್ಡದಿಲ್ಲದಿದ್ದರೂ ಅಲ್ಲೇ ಇರಿ. ಎರಡು ವರ್ಷ ಬರೀ ವಾಯಿದೆ (ಕೇಸಿಗೆ ಮುಂದಿನ ದಿನಾಂಕ) ಕೇಳಲು ಕಳಿಸುವ ಆಫೀಸಾದರೆ ಬೇರೆ ಕಡೆ ನೋಡಿ. ಅಲ್ಲಿರುವ ಜೂನಿಯರ್‌ಗಳನ್ನು ಚಹಾ ಅಂಗಡಿಯಲ್ಲಿ ಕೇಳಿದರೆ ನಿಜ ಗೊತ್ತಾಗುತ್ತದೆ. ಕಾರವಾರ, ಅಂಕೋಲೆ ಕಡೆಯಾದರೆ ಕೊಂಕಣಿ ಬರುತ್ತದೆ ಎಂಬುದನ್ನೂ ಹೇಳಿಕೊಳ್ಳಿ. ಕಕ್ಷಿದಾರರು ತಮ್ಮ ಭಾಷೆಯಲ್ಲಿ ಮಾತ್ರ ಮನಸ್ಸು ಬಿಚ್ಚುತ್ತಾರೆ.

ಫೋನಿನಲ್ಲಿ ಕೇಳಬೇಡಿ. ಬೆಳಿಗ್ಗೆ ಹತ್ತೂವರೆಗಂತೂ ಹೋಗಲೇಬೇಡಿ, ಆಗ ಎಲ್ಲರೂ ಕೋರ್ಟಿನ ಗಡಿಬಿಡಿಯಲ್ಲಿರುತ್ತಾರೆ. ಸಂಜೆ ಆರರ ಮೇಲೆ ಹೋಗಿ. ‘ನಿಮ್ಮ ಪಾಟೀಸವಾಲು ಕೇಳಿದ್ದೆ ಸರ್, ನಿಮ್ಮ ಹತ್ತಿರ ಕಲಿಯಬೇಕು’ ಎಂದು ನೇರವಾಗಿ ಹೇಳಿ. ‘ನೋಡೋಣ, ನಾಳೆ ಬಾ’ ಎಂದರೆ ಮರುದಿನ ಒಂಬತ್ತೂವರೆಗೇ ಡೈರಿ, ಪೆನ್ನು ಹಿಡಿದು ಹೋಗಿ.