ಕೆರೆ ಏರಿ ಮೇಲೆ ಇಂಟರ್‌ವ್ಯೂ: ನನ್ನ ಅನುಭವ

ಕೆರೆ ರಿಪೇರಿಗೆ ವರದಿ ಮಾಡಿಕೊಡುವ ಸಲಹೆಗಾರರನ್ನ ಟೆಂಡರ್ ಕರೆದು ಆರಿಸಬೇಕಿತ್ತು. ಮೊದಲ ಸಲ ನಾನೂ ಎಲ್ಲರ ಹಾಗೆ ಎಲ್1ಗೇ, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವರಿಗೇ ಕೊಟ್ಟೆ. ದಾವಣಗೆರೆ ಪಕ್ಕದ ಕೆರೆ. ಏರಿ, ತೂಬು, ಕೋಡಿ ರಿಪೇರಿ, ಜೊತೆಗೆ ಹಕ್ಕಿ ನೋಡೋಕೆ ಒಂದು ಕಟ್ಟೆ. ಡಿಪಿಆರ್‌ಗೆ (ವಿವರವಾದ ಯೋಜನಾ ವರದಿಗೆ) ಸುಮಾರು ಆರು ಲಕ್ಷ ಇಟ್ಟಿದ್ದೆವು, ಒಬ್ಬರು ಒಂದೂಕಾಲು ಲಕ್ಷಕ್ಕೆ ಬಂದರು. ನಮಗೆ ಖುಷಿಯೋ ಖುಷಿ. ಮೂರು ತಿಂಗಳ ಮೇಲೆ ವರದಿ ಬಂತು. ನಲವತ್ತನೇ ಪುಟದ ಹತ್ತಿರ ಬೇರೆ ಜಿಲ್ಲೆಯ ಕೆರೆ ಹೆಸರು ಹಾಗೇ ಉಳಿದಿತ್ತು. ವಾಕಿಂಗ್ ಪಾತ್ ಎಳೆದಿದ್ದು ಎಲ್ಲಿ ಅಂತೀರಿ? ನೇರ ಕೋಡಿ ಮೇಲೆ! ದುಡ್ಡೂ ಹೋಯಿತು, ಒಂದು ಬೇಸಿಗೆಯೂ ಹೋಯಿತು.

ಎರಡನೇ ಸಲ ದೊಡ್ಡ ಹೆಸರಿನ ಡಿಸೈನರ್. ಪಿಪಿಟಿಯಲ್ಲಿ ನಮ್ಮ ಕೆರೆಗೆ ಫ್ಲೆಮಿಂಗೊ ಇಳಿಸಿದ್ದರು. ಮಣ್ಣು ಪರೀಕ್ಷೆ ಮಾತ್ರ ಮಾಡಿಸಿರಲಿಲ್ಲ.

ಮೂರನೇ ಟೆಂಡರ್ ಕ್ಯೂಸಿಬಿಎಸ್‌ನಲ್ಲಿ, ಅಂದರೆ ಗುಣಮಟ್ಟ, ದರ ಎರಡಕ್ಕೂ ಅಂಕ ಹಾಕಿ ಆರಿಸುವ ಪದ್ಧತಿಯಲ್ಲಿ ಕರೆದೆ, ಗುಣಮಟ್ಟಕ್ಕೆ 80, ದರಕ್ಕೆ 20. ಆ 80ರಲ್ಲಿ 30 ಅಂಕ ಏರಿ ಮೇಲಿನ ಇಂಟರ್‌ವ್ಯೂಗೆ ಅಂತ ಟೆಂಡರ್ ಪುಸ್ತಕದಲ್ಲೇ ಬರೆದೆ. ಆಫೀಸಲ್ಲಿ ನಕ್ಕರು. ಅಕೌಂಟ್ಸ್‌ನವರು ಆಡಿಟ್ ಆಕ್ಷೇಪಣೆ ಬರುತ್ತೆ ಅಂತ ಹೆದರಿಸಿದರು. ಮೊದಲೇ ಬರೆದು ಕರೆದಿದ್ದಕ್ಕೆ ಏನೂ ಬರಲಿಲ್ಲ.

ಇಂಟರ್‌ವ್ಯೂಗೆ ಬಂದ ಐದು ಜನರಲ್ಲಿ ಇಬ್ಬರು ಬಿಸಿಲು ಅಂತ ಕಾರಿಂದ ಇಳಿಯಲೇ ಇಲ್ಲ. ಒಬ್ಬರು 2017ರ ಜೌಗು ಪ್ರದೇಶ ನಿಯಮ, ಐವತ್ತು ಮೀಟರ್ ಒಳಗೆ ಪಕ್ಕಾ ಕಟ್ಟಡ ಬೇಡ ಅಂತ ಗಡಗಡ ಹೇಳಿದರು. ನೀರಾವರಿಗೆ ಕಟ್ಟಿದ ಕೆರೆ ಆ ನಿಯಮದ ವ್ಯಾಖ್ಯೆಗೇ ಬರಲ್ಲ, ಅಲ್ವಾ? ನಮಗೆ ಬೇಕಿದ್ದು ಕರ್ನಾಟಕದ 2014ರ ಕೆರೆ ಸಂರಕ್ಷಣೆ ಕಾಯ್ದೆ. ಇನ್ನೊಬ್ಬರು ಚಿಕ್ಕ ಸಂಸ್ಥೆಯವರು. ಚಪ್ಪಲಿ ಬಿಟ್ಟು ತೂಬಿನ ಹತ್ತಿರ ಇಳಿದರು. ನಮ್ಮ ಕಡೆ ನೋಡದೆ, ಕೆರೆ ನೀರು ಬಿಡುವ ನೀರಗಂಟಿಯನ್ನ ಕೇಳಿದರು: "ಯಜಮಾನ್ರೇ, ಕೋಡಿ ಬಿದ್ದಾಗ ನೀರು ಯಾರ ಹೊಲಕ್ಕೆ ನುಗ್ಗುತ್ತೆ?" ಅಜ್ಜ ಅರ್ಧ ಗಂಟೆ ಬಿಡದೆ ಹೇಳಿದ. ನಾನು ಅಲ್ಲೇ ಅಂಕ ಹಾಕಿಬಿಟ್ಟೆ. ನಾನೂ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನ ಇಲ್ಲಿ ಬರೆಯಲ್ಲ, ಮುಂದಿನ ಟೆಂಡರ್ ಇದೆ.

ಕೆಲಸ ಆ ಚಿಕ್ಕ ಸಂಸ್ಥೆಗೇ ಸಿಕ್ಕಿತು. ಅವರ ಫೀ ಐದೂವರೆ ಲಕ್ಷದ ಆಸುಪಾಸು. ಹಳೇ ವರದಿ ಕೆರೆ ಪೂರ್ತಿ ಒಂದೇ ಸಮ ಮೂರಡಿ ಹೂಳು ತೆಗೀರಿ ಅಂದಿತ್ತು. ಇವರು ಗುಂಡಿ ತೋಡಿ ನೋಡಿದರು. ಕೆಲವು ಕಡೆ ಎರಡಡಿಗೇ ಜೇಡಿ ಮುಗಿದು ಮೊರಂ (ಗರಸು ಮಣ್ಣು) ಸಿಕ್ಕಿತು. ಅಲ್ಲಿ ಮೂರಡಿ ತೋಡಿದ್ದರೆ ನೀರು ಇಂಗಿ ಹೋಗುತ್ತಿತ್ತು. ಹಿನ್ನೀರಿನ ಕಡೆ ಹಕ್ಕಿಗಳಿಗೆ ಅಂತ ಮೊಣಕಾಲುದ್ದ ನೀರು ನಿಲ್ಲುವಷ್ಟೇ ಆಳ ಬಿಡಿಸಿದರು. ಮಣ್ಣಿನ ಲೆಕ್ಕದಲ್ಲೇ ಮೂವತ್ತು ಲಕ್ಷದ ಹತ್ತಿರ ಉಳಿಯಿತು.

ನಡುವೆ ಸುಮ್ನೆ ಒಂದು ಪ್ರಯೋಗವನ್ನೂ ಮಾಡಿದೆ. ನಾಲ್ಕು ಜನ ಇಂಜಿನಿಯರಿಂಗ್ ಹುಡುಗರಿಗೆ ತೆಪ್ಪ, ಗಳ, ಹಗ್ಗ ಕೊಟ್ಟು ಆಳ ಅಳೆಸಿದೆ. ಖರ್ಚು ಊಟ ಸೇರಿ ಎಂಟು ಸಾವಿರ. ಶಬ್ದದ ಅಲೆಯಿಂದ ಆಳ ಅಳೆಯುವ ಎಕೋ ಸೌಂಡರ್ ಲೆಕ್ಕಕ್ಕೂ ಅದಕ್ಕೂ ಅರ್ಧ ಅಡಿ ವ್ಯತ್ಯಾಸ. ಜೊಂಡು ಬೆಳೆದ ಕಡೆಯಂತೂ ಗಳವೇ ವಾಸಿ.

ಫೀಯಲ್ಲಿ ನೂರಕ್ಕೆ ಹತ್ತು ಭಾಗ ಮೊದಲ ಕೋಡಿ ಬಿದ್ದ ಮೇಲೆ ಅಂತ ಒಪ್ಪಂದದಲ್ಲಿ ಹಾಕಿದ್ದೆ. ಹೋದ ಮಳೆಗಾಲ ಕೋಡಿ ಬಿತ್ತು. ನೀರು ಯಾರ ಹೊಲಕ್ಕೂ ನುಗ್ಗಲಿಲ್ಲ. ಆ ಬಿಲ್ ಇನ್ನೂ ಅಕೌಂಟ್ಸ್‌ನಲ್ಲೇ ಇದೆ. ಕೋಡಿ ಬಿದ್ದಿದ್ದಕ್ಕೆ ಸರ್ಟಿಫಿಕೇಟ್ ತನ್ನಿ ಅಂತಿದ್ದಾರೆ.