ಬಟರ್ ಪೇಪರ್ ಮಗುಚಿ ಕಲಿಸಿದ ವರ್ಗಮೂಲ: ನನ್ನ ಅನುಭವ

"ಬಟರ್ ಪೇಪರಿನಲ್ಲಿ ಆಟ ಆಡಿಸಿದರೆ ಗ್ರಾಫ್ ಬರುತ್ತಾ ಮೇಷ್ಟ್ರೇ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದವರೇ ಈಗ ಹಾಳೆ ಕೇಳಿಕೊಂಡು ಬರುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಫಸ್ಟ್ ಪಿಯುಸಿ ಮಕ್ಕಳು ವರ್ಗ, ಘನ, ನಾಲ್ಕನೇ ಘಾತದ ಗೆರೆಗಳನ್ನು ಬೇರೆ ಬೇರೆಯಾಗಿ ಚೆನ್ನಾಗಿಯೇ ಎಳೆಯುತ್ತಿದ್ದರು. ಒಂದೇ ಹಾಳೆಯಲ್ಲಿ ಎಳೆಯಿರಿ ಅಂದರೆ ಮಾತ್ರ ನಾಲ್ಕನೇ ಘಾತ ಎಲ್ಲಾ ಕಡೆಯೂ ಮೇಲೆ! 0 ಮತ್ತು 1ರ ನಡುವೆ ಅದೇ ಎಲ್ಲಕ್ಕಿಂತ ಕೆಳಗೆ ಅಂತ ನೂರು ಸಲ ಹೇಳಿದ್ದೆ. ಮೂಲಗಳು ಬಂದರಂತೂ ಕೇಳಲೇಬೇಡಿ.

ಮೊದಲು ದುಡ್ಡು ಸುರಿದೆ. ಚೌಕಳಿಯ ಫ್ಲೆಕ್ಸ್ ಮಾಡಿಸಿದೆ, ಸುಮಾರು 600 ರೂಪಾಯಿ. ಟ್ಯೂಬ್‌ಲೈಟ್ ಬೆಳಕಿಗೆ ಮಿಂಚಿ ಹಿಂದಿನ ಬೆಂಚಿಗೆ ಏನೂ ಕಾಣಲಿಲ್ಲ. ಆಮೇಲೆ ಮೊಬೈಲ್ ಆ್ಯಪ್. ಅದು ಘನಮೂಲದ ಬಲಗಡೆ ಅರ್ಧ ಮಾತ್ರ ತೋರಿಸಿತು. ಮೈನಸ್ 8ರ ಘನಮೂಲ ಮೈನಸ್ 2 ಅಂತ ಹಿಂದಿನ ದಿನವಷ್ಟೇ ಕಲಿಸಿದ್ದೆ.

ಕೊನೆಗೆ ಬಟರ್ ಪೇಪರ್. ಅದರಲ್ಲಿ ಎಳೆದ ಗೆರೆ ಹಿಂದಿನಿಂದಲೂ ಕಾಣುತ್ತದೆ. ಮಗುಚಿದರೆ ಅಡ್ಡದ್ದು ಉದ್ದಕ್ಕೆ, ಉದ್ದದ್ದು ಅಡ್ಡಕ್ಕೆ ಬಂದು ವರ್ಗದ ಗೆರೆಯೇ ವರ್ಗಮೂಲದ ಗೆರೆಯಾಗುತ್ತದೆ. ಖರ್ಚಾಗಿದ್ದು ಇಡೀ ಕ್ಲಾಸಿಗೆ ನೂರೈವತ್ತರ ಒಳಗೆ. ಆದರೂ ಎರಡು ಸಲ ಕೆಟ್ಟಿತು. ಜೆಲ್ ಪೆನ್ ಅದರ ಮೇಲೆ ಒಣಗುವುದೇ ಇಲ್ಲ, ಮಕ್ಕಳ ಅಂಗೈಯೆಲ್ಲ ನೀಲಿ. ಸಿಡಿ ಮಾರ್ಕರ್ ತಂದೆ. ಎರಡನೇ ಸಲ ತಪ್ಪು ನನ್ನದೇ. ಅಭ್ಯಾಸಬಲ, ಅಡ್ಡಕ್ಕೆ ಒಂದು ಅಳತೆ, ಉದ್ದಕ್ಕೆ ಇನ್ನೊಂದು ಕೊಟ್ಟುಬಿಟ್ಟೆ. ಮಗುಚಿದಾಗ ಯಾವ ಗೆರೆಯೂ ಕೂಡಲಿಲ್ಲ. ಎರಡೂ ಅಕ್ಷಕ್ಕೆ ಒಂದೇ ಅಳತೆ ಇರಲೇಬೇಕು.

ನಾನು ಇಡುವುದು 10 ಸೆಂ.ಮೀ.ಗೆ 1. ಅಡ್ಡ 5 ಸೆಂ.ಮೀ. ಹೋದರೆ ವರ್ಗ 2.5ರಲ್ಲಿ, ಘನ 1.25ರಲ್ಲಿ, ನಾಲ್ಕನೇ ಘಾತ ಅರ್ಧ ಸೆಂ.ಮೀ.ಗಿಂತ ಚೂರು ಮೇಲೆ. ಈಗ ಹಾಳೆಯ ಕೆಳಗಿನ ಎಡಮೂಲೆ, ಮೇಲಿನ ಬಲಮೂಲೆ ಹಿಡಿದು ಮಗುಚಿದರೆ ವರ್ಗಮೂಲ 7ರಲ್ಲಿ, ಘನಮೂಲ 8ರ ಹತ್ತಿರ. ಕೆಳಗಿದ್ದದ್ದು ಮೇಲೆ, ಮೇಲಿದ್ದದ್ದು ಕೆಳಗೆ. ಎಲ್ಲಾ ಸೇರುವುದು 0, 0ರಲ್ಲಿ ಮತ್ತು 1, 1ರಲ್ಲಿ.

ಮೈನಸ್ ಕಡೆಗೂ ಹೋಗಬೇಕಾದರೆ ಅಳತೆ 5 ಸೆಂ.ಮೀ.ಗೆ ಇಳಿಸಿ. ಘನವನ್ನು ಹಾಗೇ ಮಗುಚಬಹುದು. ವರ್ಗ ಮಗುಚಿದರೆ ಬಟ್ಟಲು ಅಡ್ಡ ಬೀಳುತ್ತದೆ. ನೇರ ನಿಲ್ಲಿಸಿದ ಸ್ಕೇಲು ಅದನ್ನು ಎರಡು ಕಡೆ ಮುಟ್ಟುತ್ತದೆ, ಅಂದರೆ ಒಂದೇ ಸಂಖ್ಯೆಗೆ ಎರಡು ಉತ್ತರ. ಆಗ ಕತ್ತರಿ ಕೊಡುತ್ತೇನೆ. ವರ್ಗದ ಗೆರೆಯ ಎಡಗಡೆ ಅರ್ಧ ಯಾಕೆ ಬಿಡಬೇಕು ಅಂತ ಒಬ್ಬ ಹುಡುಗಿ ಕತ್ತರಿಸುತ್ತಾ ತಾನೇ ಹೇಳಿದಳು. ಮಗುಚುವ ಮುಂಚೆ ನಾನು ಕೇಳುವ ಪ್ರಶ್ನೆ ಒಂದಿದೆ. ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಅದು ನನ್ನ ಕ್ಲಾಸಿನ ಬಂಡವಾಳ.

ಸುಮ್ನೆ ಇರಲಾರದೆ ದಾರಕ್ಕೆ ಒಂದು ನಟ್ಟು ಕಟ್ಟಿ ತೂಗಾಡಿಸಿದೆವು. 25 ಸೆಂ.ಮೀ. ದಾರಕ್ಕೆ 20 ತೂಗಾಟ, ಸುಮಾರು 20 ಸೆಕೆಂಡ್. ಒಂದು ಮೀಟರಿಗೆ ಎಷ್ಟು? ಇಡೀ ಕ್ಲಾಸು 80 ಅಂದಿತು. ಬಂದದ್ದು 40. 50 ಸೆಂ.ಮೀ.ಗೆ 28 ಬಂತು. ವರ್ಗಮೂಲದ ಗೆರೆ ಅಂದರೆ ಇದೇ ಅಲ್ವಾ?

ಮೊನ್ನೆಯ ಯೂನಿಟ್ ಟೆಸ್ಟಿನಲ್ಲಿ ಅರವತ್ತು ಮಕ್ಕಳಲ್ಲಿ ಐವತ್ತರ ಮೇಲೆ ಸರಿ ಎಳೆದರು. ಹಿಂದಿನ ವರ್ಷ ಇಪ್ಪತ್ತೂ ಇರಲಿಲ್ಲ.

ಈಗ ಒಂದೂವರೆ ಘಾತ ಹಿಡಿದಿದ್ದೇನೆ, ಅಂದರೆ ಸಂಖ್ಯೆಯನ್ನು ಅದರದೇ ವರ್ಗಮೂಲದಿಂದ ಗುಣಿಸಿದ್ದು. ಸೂರ್ಯನಿಂದ ಭೂಮಿಯ ದೂರ 1 ಅಂತಿಟ್ಟರೆ ಬುಧ 0.39, ಶುಕ್ರ 0.72. ಸುತ್ತು ಹಾಕಲು ಬೇಕಾದ ವರ್ಷ 0.24 ಮತ್ತು 0.62. ನಮ್ಮ 10 ಸೆಂ.ಮೀ. ಹಾಳೆಯಲ್ಲಿ ಎರಡು ಚುಕ್ಕಿ ಇಟ್ಟೆವು. ಘನದ ಗೆರೆಯಲ್ಲೂ ಇಲ್ಲ, ವರ್ಗದ ಗೆರೆಯಲ್ಲೂ ಇಲ್ಲ. ವರ್ಗಕ್ಕೂ ನೇರ ಗೆರೆಗೂ ನಡುವೆ, ಒಂದೂವರೆ ಘಾತದ ಮೇಲೇ ಕೂತಿದ್ದವು.